ಗೋಡೆಗೆ ಬಣ್ಣ ಬಂತು, ಮೇಲೆ ಏರಿದವನ ಕಾಳಜಿ ಯಾರಿಗೆ?

ಸಾಸ್ತೂರ: ದಸರಾ, ದೀಪಾವಳಿ ಸಮೀಪಿಸಿತೆಂದರೆ ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಪೇಂಟರ್‌ಗಳಿಗೆ ಬಿಡುವಿಲ್ಲ. ಮನೆ, ಅಂಗಡಿ, ಮಂಗಲ ಕಾರ್ಯಾಲಯ ಎಲ್ಲ ಕಡೆ ಬಣ್ಣದ ಕೆಲಸ. ಹಬ್ಬದೊಳಗೆ ಮುಗಿಸಲೇಬೇಕೆಂಬ ಅವಸರ. ಈ ಅವಸರದಲ್ಲಿ ಯಾರ ಲೆಕ್ಕಕ್ಕೂ ಬಾರದೇ ಇರುವುದು ಮೇಲೆ ಏರಿದ ಹುಡುಗನ ಜೀವ.

ಇದನ್ನು ಬರೆಯುವ ನಾನೂ ಹೊಣೆಯಿಂದ ಹೊರತಲ್ಲ. ಬಿಕಾಂ ಓದಿದವನೆಂದು ಪರಿಚಯದ ಠೇಕೇದಾರರೊಬ್ಬರು ನನ್ನಿಂದ ಮರಾಠಿಯಲ್ಲಿ ಕೊಟೇಶನ್ ಬರೆಸಿಕೊಳ್ಳುತ್ತಾರೆ. ಕೆಲ ವರ್ಷಗಳ ಹಿಂದೆ ಎರಡು ಅಂತಸ್ತಿನ ಕಟ್ಟಡವೊಂದಕ್ಕೆ ಬರೆದುಕೊಟ್ಟೆ. ಹೊರಗೋಡೆ 3000 ಚದರ ಅಡಿ. ಬೇರೊಬ್ಬರ ದರ ಕಡಿಮೆ ಅದ ಎಂದು ಗೊತ್ತಾದಾಗ, ‘ತಮ್ಮಾ, ಫುಟಿಗೆ ಒಂದು ರೂಪಾಯಿ ಇಳಿಸಿ ಬರಿ’ ಅಂದರು. ಬರೆದೆ. ಹಗ್ಗಕ್ಕೆ, ಬೆಲ್ಟಿಗೆ ಎಷ್ಟು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೆಲಸ ಸಿಕ್ಕಿತು. ಎರಡನೇ ವಾರದಲ್ಲಿ ಹಲಗೆ ಜಾರಿ 20 ವರ್ಷದ ಹುಡುಗ ಕೆಳಗೆ ಬಿದ್ದ. ಹಿಮ್ಮಡಿ ಮುರಿಯಿತು, ಸೊಂಟಕ್ಕೆ ಪೆಟ್ಟು. ಜೀವ ಉಳಿಯಿತು, ಆದರೆ ಮತ್ತೆ ಏಣಿ ಏರಲಿಲ್ಲ. ‘ಅಂವನ ಧ್ಯಾನ ಎಲ್ಲಿತ್ತೋ ಏನೋ’ ಎಂದು ಕಟ್ಟಡದ ಮಾಲೀಕರು ಕೈತೊಳೆದುಕೊಂಡರು.

ಒಂದು ರೂಪಾಯಿಯ ಲೆಕ್ಕ

ಅಂದು ಇಳಿಸಿದ್ದು 3000 ರೂಪಾಯಿ. ಆ ಹಣದಲ್ಲಿ ಇಡೀ ಮೈಗೆ ಕಟ್ಟುವ ಒಂದು ಬೆಲ್ಟ್, ಹಗ್ಗ, ಹೆಲ್ಮೆಟ್ ಬರುತ್ತಿತ್ತು. ಅದೇನು ಒಂದೇ ಮನೆಗೆ ಸವೆದು ಹೋಗುವ ವಸ್ತುವಲ್ಲ. 10 ಮನೆಗೆ ಹಂಚಿದರೆ ಮನೆಗೆ 300 ರೂಪಾಯಿ. ಬೆಲ್ಟ್ ಹಾಕಿದರೆ ಸೆಕೆ ಆಗ್ತದ, ಕೆಲಸ ಸಾಗೋದಿಲ್ಲ ಎಂದು ಹುಡುಗರೇ ಹೇಳುವುದೂ ಉಂಟು. ಆದರೆ ದಿನದ ಕೂಲಿ ಬಿಟ್ಟು ಗೋಡೆಯ ಅಳತೆ ಮೇಲೆ ಹಣ ಕೊಟ್ಟರೆ ಯಾರಿಗೆ ತಾನೇ ಅವಸರ ಇರೋದಿಲ್ಲ?

ಬೀಳುವುದೊಂದೇ ಅಪಾಯವಲ್ಲ

ಏಣಿ 4 ಅಡಿ ಎತ್ತರ ಹೋದರೆ ಬುಡ ಗೋಡೆಯಿಂದ 1 ಅಡಿ ಹೊರಗಿರಬೇಕು, ಕೆಳಗೊಬ್ಬ ಹಿಡಿದಿರಬೇಕು. ಗಲ್ಲಿಗಳಲ್ಲಿ ಗೋಡೆಯ ಪಕ್ಕದಲ್ಲೇ ವಿದ್ಯುತ್ ತಂತಿ ಹಾದಿರುತ್ತದೆ. 11 ಸಾವಿರ ವೋಲ್ಟ್ ತಂತಿ ಕಟ್ಟಡದಿಂದ ಕನಿಷ್ಠ 1.2 ಮೀಟರ್ ದೂರ ಇರಬೇಕೆಂಬುದು ನಿಯಮ. ಕೈಯಲ್ಲಿ ರೋಲರಿನ ಉದ್ದ ಕೋಲು ಹಿಡಿದವನಿಗೆ ಅಷ್ಟು ದೂರ ಏನೂ ಅಲ್ಲ. ‘ಲೈಟ್ ಹೋಗೇದ, ಹತ್ತು’ ಎನ್ನುವ ಮಾತು ನಮ್ಮಲ್ಲಿ ಸಾಮಾನ್ಯ. ಹೋದ ಲೈಟ್ ಯಾವಾಗ ಬರುತ್ತದೆಂದು ಏಣಿ ಮೇಲಿದ್ದವನಿಗೆ ಯಾರು ಹೇಳಬೇಕು? ಮಹಾವಿತರಣದವರಿಂದ ಲೈನ್ ಬಂದ್ ಮಾಡಿಸಿಯೇ ಅಲ್ಲಿ ಕೆಲಸ ಹಿಡಿಯಬೇಕು.

ಹಳೆ ಬಣ್ಣ ಕೆರೆಯುವುದೂ ಅಪಾಯವೇ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎಣ್ಣೆ ಬಣ್ಣದಲ್ಲಿ ಹೆಚ್ಚು ಸೀಸ ಇರಬಹುದು. ಒಣಗಿದ್ದನ್ನು ತಿಕ್ಕಬಾರದು, ನೀರು ಹಚ್ಚಿ ತಿಕ್ಕಬೇಕು. ಮೂಗಿಗೆ ಕಟ್ಟಿದ ಟವೆಲ್ ಈ ಧೂಳನ್ನು ತಡೆಯುವುದಿಲ್ಲ, ಸರಿಯಾದ ಮಾಸ್ಕ್ ಬೇಕು. ಥಿನ್ನರ್ ಬಳಸುವ ಕೋಣೆಯ ಕಿಟಕಿ ತೆರೆದಿರಲಿ, ಬೀಡಿ ಹೊರಗಿರಲಿ. ಪೇಂಟರ್ ಕೆಲಸವೇ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1989ರಲ್ಲಿಯೇ ಹೇಳಿದೆ.

ನೋಂದಣಿ ಮಾಡಿಸಿರಿ

ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಪೇಂಟರ್‌ಗಳೂ ಹೆಸರು ಬರೆಸಬಹುದು. ವಯಸ್ಸು 18ರಿಂದ 60, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಆ ದಾಖಲೆಯನ್ನು ಠೇಕೇದಾರರಿಂದ ಅಥವಾ ಗ್ರಾಮ ಪಂಚಾಯಿತಿಯಿಂದ ಪಡೆಯಬಹುದು. ಕೆಲಸದ ವೇಳೆ ಸತ್ತರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ನೆರವಿನ ಯೋಜನೆ ಇದೆ. ಆದರೆ ಅರ್ಜಿ ಮರಾಠಿಯಲ್ಲಿದೆ, ಮನೆ ಮಾತು ಕನ್ನಡ. ಓದು ಬಲ್ಲ ಹುಡುಗ-ಹುಡುಗಿಯರು ಓಣಿಯ ಪೇಂಟರ್ ಕಾಕಾನಿಗೆ ಅರ್ಜಿ ತುಂಬಿಕೊಟ್ಟರೆ ಅದು ದೊಡ್ಡ ಉಪಕಾರ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪಕ್ಕೆ ಕಲ್ಲು-ಮಣ್ಣಿನ ಗೋಡೆಗಳು ಕುಸಿದು ಈ ಭಾಗದ ಸಾವಿರಾರು ಜನ ಸತ್ತರು. ಅಂದಿನಿಂದ ಮನೆ ಕಟ್ಟುವಾಗ ಕಬ್ಬಿಣ ಎಷ್ಟು, ಸಿಮೆಂಟ್ ಎಷ್ಟು ಎಂದು ಕೇಳುವುದನ್ನು ಕಲಿತೆವು. ಗೋಡೆ ಬೀಳಬಾರದೆಂದು ಅಡ್ಡಕ್ಕೆ ಕಾಂಕ್ರೀಟ್ ಪಟ್ಟಿ ಹಾಕಿಸುತ್ತೇವೆ. ಅದೇ ಗೋಡೆ ಏರುವವನಿಗೆ ಬೆಲ್ಟ್ ಅದ ಏನು ಎಂದು ಮಾತ್ರ ಕೇಳುವುದಿಲ್ಲ.

ಕೇಳಬೇಕಾದವರು ಕೆಲಸ ಕೊಡುವವರೇ. ಬೆಲ್ಟ್, ಹಗ್ಗ, ಮಾಸ್ಕಿನ ಖರ್ಚು ಕಾಣದ ಕೊಟೇಶನ್ನನ್ನು ಮಾಲೀಕರು ಮರಳಿಸಲಿ. ಶಾಲೆ, ಗ್ರಾಮ ಪಂಚಾಯಿತಿ ಕಟ್ಟಡಗಳಿಂದಲೇ ಇದು ಶುರುವಾಗಲಿ. ಎಲ್ಲರೂ ಅದನ್ನು ಬರೆದರೆ ಯಾವ ಠೇಕೇದಾರನ ದರವೂ ಹೆಚ್ಚೆನಿಸದು. ನಾನಂತೂ ಈಗ ಬರೆಯುವ ಕೊಟೇಶನ್ನುಗಳಲ್ಲಿ ಮೊದಲ ಸಾಲೇ ಅದು. ಕಾಕಾ ಒಮ್ಮೆ ಸಿಟ್ಟಾದರು, ಈಗ ಏನೂ ಅನ್ನುವುದಿಲ್ಲ.