ಗೆದ್ದಲಿಗೆಂದು ಸುರಿದ ವಿಷ ಯಾರ ಮೈಗೆ?

ನಮ್ಮ ಸೀಮೆಯಲ್ಲಿ ವಿಷಕ್ಕೆ ಎರಡು ಸವಿಹೆಸರುಗಳಿವೆ. ಹೊಲದಲ್ಲಿ ಅದಕ್ಕೆ ‘ಎಣ್ಣೆ’ ಎನ್ನುತ್ತಾರೆ, ಪೇಟೆಯಲ್ಲಿ ‘ಔಷಧ’ ಎನ್ನುತ್ತಾರೆ. ಎಣ್ಣೆಯೆಂದರೆ ಒಗ್ಗರಣೆಗೆ ಹಾಕುವ ಪದಾರ್ಥ. ಔಷಧವೆಂದರೆ ರೋಗಿಯನ್ನು ಬದುಕಿಸುವ ವಸ್ತು. ಹೆಸರೇ ಹೀಗೆ ಮೆತ್ತಗಾದ ಮೇಲೆ ಅದನ್ನು ಬರಿಗೈಯಲ್ಲಿ ಕಲಕುವುದಕ್ಕೆ ಯಾರು ಹೆದರಿಯಾರು? ರಾಣೆಬೆನ್ನೂರಿನ ಚಾಳಗಳಲ್ಲಿ, ಹಾವೇರಿಯ ಹಳೆಯ ಮಾಳಿಗೆ ಮನೆಗಳಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳ ಹಿಂದಿನ ಗೋದಾಮುಗಳಲ್ಲಿ ಗೆದ್ದಲು ಬಿದ್ದಾಗಲೆಲ್ಲ ಈ ‘ಔಷಧ’ದ ಬಾಟಲಿ ಹೊರಗೆ ಬರುತ್ತದೆ. ಗೆದ್ದಲು ಸಾಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಅದನ್ನು ಸುರಿಯುವ ಕೂಲಿಕಾರನ ಗತಿಯೇನು, ಆ ಮನೆಯಲ್ಲಿ ಬಾಡಿಗೆಗಿರುವ ಗಿರಣಿ ಕಾರ್ಮಿಕನ ಮಕ್ಕಳ ಗತಿಯೇನು ಎಂದು ಕೇಳುವವರು ಯಾರು? ಅದನ್ನು ಈ ವಾರ ನಾವು ಕೇಳಬೇಕಾಗಿದೆ.

ನಾನು ಮಾಸ್ತರಿಕೆ ಮಾಡುತ್ತಿದ್ದ ಕಾಲದ ಮಾತು. ಆರು ಖೋಲಿಗಳ ಒಂದು ಚಾಳದಲ್ಲಿ ಬಾಡಿಗೆಗಿದ್ದೆ. ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿತು. ಗೋಡೆಯ ಬದಿಗಿಟ್ಟಿದ್ದ ಮಕ್ಕಳ ಹಾಜರಿ ಪುಸ್ತಕ ಮಣ್ಣಾಯಿತು. ಬಚ್ಚಲ ನೀರು ಗೋಡೆಯ ಬುಡಕ್ಕೇ ಇಂಗುತ್ತಿದೆ, ಮೊದಲು ಅದನ್ನು ದುರಸ್ತಿ ಮಾಡಿಸಿರೆಂದು ಮಾಲಕರಿಗೆ ನಾಲ್ಕು ಸಲ ಹೇಳಿದ್ದೆ. ಅವರು ದುರಸ್ತಿ ಮಾಡಿಸಲಿಲ್ಲ. ಪೇಟೆಯಲ್ಲಿ ಹಮಾಲಿ ಮಾಡುವ ಹದಿನೆಂಟರ ಹುಡುಗನೊಬ್ಬನನ್ನು ಕಳಿಸಿದರು. ಅವನ ಕೈಯಲ್ಲಿ ಸರಾಯಿ ಬಾಟಲಿ. ಅದರ ತುಂಬ ಹಳದಿ ದ್ರವ. ಚೀಟಿಯಿಲ್ಲ, ಹೆಸರಿಲ್ಲ, ಅಳತೆಯಿಲ್ಲ. ಬಕೆಟ್ಟಿಗೆ ಸುರಿದು ಮೊಣಕೈವರೆಗೆ ಕೈ ಇಳಿಸಿ ಕಲಕತೊಡಗಿದ.

“ತಮ್ಮಾ, ಬರೀ ಕೈಲೆ ಕಲಸಬ್ಯಾಡಪಾ, ವಿಷ ಐತಿ ಅದು” ಎಂದೆ.

“ಏನೂ ಆಗಂಗಿಲ್ರೀ ಮಾಸ್ತರ, ದಿನಾ ಮಾಡೋದಲ್ಲನ್ರಿ ಇದು” ಎಂದು ನಕ್ಕ.

ಅಡಿಗೆಯ ಮೂಲೆಗೆ ಸುರಿದ, ಕಟ್ಟೆಗೆ ಸುರಿದ, ಭಾವಿಯ ಮಗ್ಗುಲಿಗೂ ಸುರಿದ. ಸಂಜೆಯ ಹೊತ್ತಿಗೆ ಅವನ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು; ಮೈಯೆಲ್ಲ ಬೆವರು, ವಾಂತಿ, ಕೈಕಾಲು ನಡುಕ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ಚಾಳದವರೆಲ್ಲ ಕೂಡಿ ದವಾಖಾನೆಗೆ ಸಾಗಿಸಿದೆವು, ಹುಡುಗ ಉಳಿದ. ಮರುವಾರ ಮಾಲಕರು ಅವನಿಗೆ ಅರ್ಧ ದಿನದ ಕೂಲಿ ಕೊಟ್ಟರು. ಯಾಕೆಂದು ಕೇಳಿದರೆ, “ಅರ್ಧಾ ಕೆಲಸಕ್ಕ ಅರ್ಧಾ ಪಗಾರ್ರೀ ಮಾಸ್ತರ, ಇದರಾಗ ಅನ್ಯಾಯ ಏನೈತಿ?” ಎಂದರು. ದಸರೆಗೆ ಗೆದ್ದಲು ಮತ್ತೆ ಬಂತು. ಬಚ್ಚಲ ನೀರು ಹಾಗೆಯೇ ಇಂಗುತ್ತಿತ್ತು.

ಇದು ಒಬ್ಬ ಮಾಲಕನ ದುಷ್ಟತನದ ಕಥೆಯೆಂದು ಯಾರೂ ಭಾವಿಸಬಾರದು. ಆತ ಊರಿನ ಉಳಿದ ಮಾಲಕರಿಗಿಂತ ಕೆಟ್ಟವನೇನೂ ಅಲ್ಲ. ದುರಸ್ತಿಯ ಖರ್ಚು ಮಾಲಕನದು, ವಿಷದ ಅಪಾಯ ಕೂಲಿಕಾರನದು ಮತ್ತು ಬಾಡಿಗೆದಾರನದು. ಹೀಗಿರುವಾಗ ಯಾವ ಮಾಲಕನೂ ದುರಸ್ತಿಗಿಂತ ವಿಷವನ್ನೇ ಆರಿಸಿಕೊಳ್ಳುತ್ತಾನೆ. ಲೆಕ್ಕ ಅಷ್ಟು ಸರಳ. ಆ ಲೆಕ್ಕವನ್ನು ಬದಲಿಸದೆ ಬರಿಯ ಉಪದೇಶ ಮಾಡಿದರೆ ಪ್ರಯೋಜನವಿಲ್ಲ.

ಗೆದ್ದಲಿನ ಸ್ವಭಾವವನ್ನು ಅರಿತರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮ ಮನೆಗಳನ್ನು ತಿನ್ನುವ ಗೆದ್ದಲು ನೆಲದೊಳಗಿನ ಜೀವಿ. ಅದಕ್ಕೆ ತೇವ ಬೇಕು, ಮಣ್ಣಿನ ನಂಟು ಬೇಕು. ಬಿಸಿಲು ಗಾಳಿ ತಾಳಲಾರದ್ದರಿಂದಲೇ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಮರಕ್ಕೆ ಏರುತ್ತದೆ. ನಾವು ನೋಡುವುದು ದುಡಿಯುವ ಹುಳುಗಳನ್ನು ಮಾತ್ರ; ಮೊಟ್ಟೆಯಿಡುವ ರಾಣಿ ದೂರದಲ್ಲೆಲ್ಲೋ ನೆಲದ ಆಳದಲ್ಲಿರುತ್ತದೆ. ಚೌಕಟ್ಟಿನ ಮೇಲೆ ಎಷ್ಟು ವಿಷ ಚಿಮುಕಿಸಿದರೂ ರಾಣಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಆದ್ದರಿಂದ ದ್ರವ ಔಷಧದ ನಿಜವಾದ ಕೆಲಸ ಕಂಡ ಹುಳುವನ್ನು ಕೊಲ್ಲುವುದಲ್ಲ. ಪಾಯದ ಸುತ್ತಲಿನ ಮಣ್ಣಿನಲ್ಲಿ ಎಲ್ಲಿಯೂ ಕಡಿಯದ ಒಂದು ತಡೆಗೋಡೆಯನ್ನು ಕಟ್ಟುವುದು.

ಇದಕ್ಕೆ ಅಳತೆಯುಂಟು, ಕ್ರಮವುಂಟು. ಭಾರತೀಯ ಮಾನಕ ಸಂಖ್ಯೆ 6313 ಇದೇ ಕೆಲಸಕ್ಕಾಗಿ ಇದೆ. ಕ್ಲೋರ್‌ಪೈರಿಫಾಸ್ 20 ಇ.ಸಿ. ಎಂಬ ದ್ರವವಾದರೆ 1 ಲೀಟರಿಗೆ 19 ಲೀಟರು ನೀರು. ಕಟ್ಟಡ ಏಳುವ ಮುನ್ನ ಪಾಯದ ಗೋಡೆಯ ಬದಿಗೆ ಚದರ ಮೀಟರಿಗೆ 7.5 ಲೀಟರು, ನೆಲಗಟ್ಟಿನ ಕೆಳಗೆ ಚದರ ಮೀಟರಿಗೆ 5 ಲೀಟರು. ಕಟ್ಟಿ ಮುಗಿದ ಮನೆಯಾದರೆ ಹೊರಗೋಡೆಗೆ ತಾಗಿ ಮಣ್ಣನ್ನು ತೋಡಿ, ಅಥವಾ ಸುಮಾರು ಒಂದು ಅಡಿಗೊಂದರಂತೆ ತೂತು ಕೊರೆದು ಇಳಿಸಬೇಕು. ಕುಡಿಯುವ ನೀರಿನ ಭಾವಿಗೆ ಅದು ಸೇರಕೂಡದು. ಇದರಲ್ಲಿ ಅಡಿಗೆಮನೆಯ ಮೂಲೆಗೆ ಸುರಿಯುವ ಮಾತೆಲ್ಲಿದೆ? ಸರಾಯಿ ಬಾಟಲಿಯ ಮಾತೆಲ್ಲಿದೆ? ‘ಇನ್ನೊಂದಿಷ್ಟು ಗಟ್ಟಿ ಇರಲಿ’ ಎನ್ನುವ ಮಾತೆಲ್ಲಿದೆ? ಗಟ್ಟಿ ಮಾಡಿದಷ್ಟೂ ಕೂಲಿಕಾರನ ಚರ್ಮಕ್ಕೆ ಇಳಿಯುವ ವಿಷ ಹೆಚ್ಚು, ಅಷ್ಟೆ. ತಡೆಗೋಡೆಯಲ್ಲಿ ಒಂದು ಗೇಣು ಬಿಟ್ಟುಹೋದರೂ ಗೆದ್ದಲು ಅಲ್ಲಿಂದಲೇ ಒಳಬರುತ್ತದೆ.

ಇರುವೆಯ ಮಾತನ್ನೂ ಇಲ್ಲಿಯೇ ಮುಗಿಸೋಣ. ಗೆದ್ದಲಿಗೆ ತಂದ ವಿಷದಲ್ಲಿ ಉಳಿದದ್ದನ್ನು ಇರುವೆಯ ಸಾಲಿಗೆ ಸುರಿಯುವ ರೂಢಿಯಿದೆ. ಇರುವೆ ಗೆದ್ದಲಿನ ನೆಂಟನಲ್ಲ, ವೈರಿ. ಗೆದ್ದಲನ್ನು ಹೊತ್ತೊಯ್ದು ತಿನ್ನುವ ಪ್ರಾಣಿ. ಅದು ಮನೆಗೆ ಬರುವುದು ಬೆಲ್ಲದ ಡಬ್ಬಿಗಾಗಿ. ಸಾಬೂನು ನೀರಿನಿಂದ ಅದರ ದಾರಿ ಒರೆಸಿ, ಗೋಡೆಯ ಸಂದು ಮುಚ್ಚಿ, ಡಬ್ಬಿಯನ್ನು ನೀರಿನ ತಾಟಿನಲ್ಲಿಟ್ಟರೆ ಅದು ತಾನಾಗಿ ಹೋಗುತ್ತದೆ. ಬೆಲ್ಲದ ಡಬ್ಬಿ ಕಾಯುವುದಕ್ಕೆ ಅಡಿಗೆಮನೆಯಲ್ಲಿ ನರಗಳನ್ನು ಹಿಡಿಯುವ ವಿಷ ಸುರಿಯುವುದು ಯಾವ ಜಾಣತನ?

ನರಗಳನ್ನು ಹಿಡಿಯುವ ವಿಷ ಎಂದದ್ದು ಅಲಂಕಾರದ ಮಾತಲ್ಲ. ನರ ಕೊಟ್ಟ ಅಪ್ಪಣೆಯನ್ನು ಮುಗಿಸಿ ಸ್ನಾಯುವಿಗೆ ವಿಶ್ರಾಂತಿ ಕೊಡುವ ಕೋಲಿನೆಸ್ಟರೇಸ್ ಎಂಬ ದ್ರವ್ಯವೊಂದು ನಮ್ಮ ಮೈಯಲ್ಲಿದೆ. ಕ್ಲೋರ್‌ಪೈರಿಫಾಸ್ ಅದನ್ನು ಕಟ್ಟಿಹಾಕುತ್ತದೆ. ಅಪ್ಪಣೆ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ನಡುಕ, ಕಡೆಗೆ ಉಸಿರೇ ಕಟ್ಟುತ್ತದೆ. ಪ್ಯಾರಾಥಿಯಾನ್ ಕೂಡ ಇದೇ ಕುಲದ್ದು. 1958ರಲ್ಲಿ ಆಹಾರ ಪದಾರ್ಥದ ಜೊತೆಗೆ ಸಾಗಿಸಿದ ಪ್ಯಾರಾಥಿಯಾನ್ ಸೋರಿ, ಅದನ್ನು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಹೆಣಗಳ ಮೇಲೆ ಹತ್ತು ವರ್ಷ ಕಳೆದು 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. 1971ರಲ್ಲಿ ಅದರ ನಿಯಮಗಳು ಬಂದವು.

ಆ ನಿಯಮಗಳು ಏನು ಹೇಳುತ್ತವೆಂಬುದನ್ನು ಪ್ರತಿಯೊಬ್ಬ ಕೂಲಿಕಾರನೂ ಬಾಯಿಪಾಠ ಮಾಡಿಕೊಳ್ಳಬೇಕು. ವಿಷ ಸಿಂಪಡಿಸುವ ಕೆಲಸಕ್ಕೆ ಹಚ್ಚುವವನಿಗೆ ಮೊದಲು ವೈದ್ಯರ ತಪಾಸಣೆಯಾಗಬೇಕು. ಕೈಚೀಲ, ಬೂಟು, ಮುಖಕ್ಕೆ ಮುಸುಕು ಕೊಡಬೇಕು. ಈ ಕುಲದ ವಿಷದಲ್ಲಿ ದುಡಿಯುವವನ ರಕ್ತದ ಕೋಲಿನೆಸ್ಟರೇಸ್ ಪ್ರಮಾಣವನ್ನು ತಿಂಗಳಿಗೊಮ್ಮೆ ಅಳೆಯಬೇಕು. ಗೆಳೆಯರೇ, ನಿಮ್ಮ ಓಣಿಯಲ್ಲಿ ಗೆದ್ದಲಿನ ಕೆಲಸ ಮಾಡುವ ಯಾರಿಗಾದರೂ ತಿಂಗಳಿಗೊಮ್ಮೆ ರಕ್ತದ ಪರೀಕ್ಷೆಯಾದುದನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ಬ್ಯಾಡಗಿಯವರು ಒಂದು ಹೋಲಿಕೆಯನ್ನು ಸುಲಭವಾಗಿ ತಿಳಿದುಕೊಳ್ಳಬಲ್ಲರು. ಪರದೇಶಕ್ಕೆ ಹೋಗುವ ಮೆಣಸಿನಕಾಯಿಯಲ್ಲಿ ಔಷಧದ ಅಂಶ ಎಷ್ಟು ಉಳಿದಿದೆಯೆಂದು ಪ್ರಯೋಗಶಾಲೆಯಲ್ಲಿ ಅಳೆಯುತ್ತಾರೆ. ಮಿತಿ ಮೀರಿದರೆ ಮಾಲು ತಿರುಗಿ ಬರುತ್ತದೆ. ಅಳೆಯಲಿ, ಅದು ತಪ್ಪಲ್ಲ. ಪರದೇಶದವನ ಹೊಟ್ಟೆಯೂ ಹೊಟ್ಟೆಯೇ. ಆದರೆ ಆ ಮೆಣಸಿನಕಾಯಿಯ ಚೀಲ ಹೊರುವ ಹಮಾಲನ ರಕ್ತದಲ್ಲಿ ಏನು ಉಳಿದಿದೆಯೆಂದು ಅಳೆಯುವ ಪ್ರಯೋಗಶಾಲೆ ಎಲ್ಲಿದೆ? ಕಾಯಿಗೆ ಕಾನೂನು ಮುಟ್ಟುತ್ತದೆ, ಕೈಗೆ ಮುಟ್ಟುವುದಿಲ್ಲ. ಸರಕಿಗಿರುವ ಬೆಲೆ ಮನುಷ್ಯನಿಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

‘ಸರಕಾರವೇ ಪರವಾನಿಗೆ ಕೊಟ್ಟಿದೆ, ಅಪಾಯವಿದ್ದರೆ ಕೊಡುತ್ತಿತ್ತೆ?’ ಎಂದು ಕೇಳುವವರಿದ್ದಾರೆ. ಅವರಿಗೆ ಎರಡು ಉತ್ತರಗಳಿವೆ. ಮೊದಲನೆಯದು: ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಎಂಬ ಮೂರು ವಿಷಗಳನ್ನು ಪಾಯಕ್ಕೆ ಸುರಿಯಿರೆಂದು ಇದೇ ಮಾನಕ ಒಂದು ಕಾಲಕ್ಕೆ ಹೇಳುತ್ತಿತ್ತು. 1996ರಲ್ಲಿ ಮೂರನ್ನೂ ನಿಷೇಧಿಸಲಾಯಿತು. ನಿಷೇಧದ ಹಿಂದಿನ ದಿನದವರೆಗೂ ಅವಕ್ಕೆ ಪರವಾನಿಗೆ ಇತ್ತಲ್ಲವೆ? ಎರಡನೆಯದು ಕನ್ನಡಿಗರದೇ ಊರು, ಕಾಸರಗೋಡಿನ ಪಡ್ರೆ. ಆ ಸೀಮೆಯಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಯಾವ ಕಳ್ಳ ವ್ಯಾಪಾರಿಯೂ ಅಲ್ಲ. ಕೇರಳ ಸರಕಾರದ ತೋಟಗಾರಿಕೆ ನಿಗಮ. 2000ದವರೆಗೂ ಸುರಿಯಿತು. ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿರೆಂದು ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಎಷ್ಟು ತೊಟ್ಟಿಲುಗಳು ಬರಿದಾಗಿದ್ದವು!

ಕ್ಲೋರ್‌ಪೈರಿಫಾಸಿನ ದಾರಿಯೂ ಅದೇ. ಅಮೇರಿಕೆಯವರು 2000ದಲ್ಲಿಯೇ ಮನೆಬಳಕೆಯಿಂದ ಅದನ್ನು ಹೊರಗಿಡುವ ತೀರ್ಮಾನ ಮಾಡಿದರು. 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಕೂಡಿದ ರಾಷ್ಟ್ರಗಳು, ಕೆಲವು ಬಳಕೆಗಳಿಗೆ ವಿನಾಯಿತಿ ಇಟ್ಟು, ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. ಶ್ರೀಮಂತ ದೇಶದ ಮಗುವಿಗೆ ಆಗದ ವಿಷ ನಮ್ಮ ಚಾಳದ ಮಗುವಿಗೆ ಹೇಗೆ ಆದೀತು?

ಸಣ್ಣ ವ್ಯಾಪಾರಸ್ಥ ಬಂಧುಗಳಿಗೂ ಒಂದು ಮಾತಿದೆ. ದೊಡ್ಡ ಡಬ್ಬಿ ಒಡೆದು ಬಾಟಲಿಗೆ ಹಾಕಿ ನಾಲ್ಕು ಕಾಸು ಗಳಿಸುವುದು ನಿಮ್ಮಲ್ಲಿ ಕೆಲವರ ರೂಢಿ. ಬಡವನಿಗೆ ಇಡೀ ಡಬ್ಬಿ ಕೊಳ್ಳುವ ಶಕ್ತಿಯಿಲ್ಲ, ನಾವು ಅನುಕೂಲ ಮಾಡಿಕೊಡುತ್ತೇವೆಂದು ನೀವು ಹೇಳುತ್ತೀರಿ. ಆದರೆ ಪರವಾನಿಗೆಯಿಲ್ಲದೆ ಕೀಟನಾಶಕ ಮಾರುವುದು ಅಪರಾಧ. ಮನುಷ್ಯರು ತಿನ್ನುವ ಪದಾರ್ಥವಿರುವ ಕಟ್ಟಡದಲ್ಲಿಯೇ ಇಂಥ ವಿಷವನ್ನು ಇಡಕೂಡದೆಂದೂ ನಿಯಮವಿದೆ. ಅನಾಹುತವಾದ ದಿನ ಪೊಲೀಸರು ಬರುವುದು ಡಬ್ಬಿ ತಯಾರಿಸಿದ ಕಂಪನಿಯ ಬಾಗಿಲಿಗಲ್ಲ, ನಿಮ್ಮ ಅಂಗಡಿಗೆ. ಡಬ್ಬಿಯ ಚೀಟಿಯ ಮೇಲಿನ ಹಳದಿ ತ್ರಿಕೋನದ ಅರ್ಥ ‘ಹೆಚ್ಚು ವಿಷಕಾರಿ’ ಎಂದು. ಬಾಟಲಿಗೆ ಹಾಕಿದಾಗ ಆ ತ್ರಿಕೋನ ಕಳಚಿ ಬೀಳುತ್ತದೆ. ಕೊಂಡವನು ಅದನ್ನು ಗೂಡಿನಲ್ಲಿಟ್ಟರೆ ಮಗು ಸರಬತ್ತೆಂದು ತಿಳಿದೀತು. ಲಾಭ ಕಂಪನಿಯದು, ಜೈಲು ನಿಮ್ಮದು ಎಂಬ ಈ ವ್ಯಾಪಾರ ನಿಮಗೇಕೆ?

ಹಾಗಾದರೆ ಗೆದ್ದಲು ಮನೆ ತಿನ್ನಲಿ ಎನ್ನುವೆವೆ? ಖಂಡಿತ ಇಲ್ಲ. ಸಾಲ ಮಾಡಿ ಕಟ್ಟಿಸಿದ ಮನೆಯ ಜಂತಿ ಮಣ್ಣಾಗುವುದನ್ನು ಕಂಡ ಸಂಕಟ ಬಡವನಿಗೇ ಗೊತ್ತು. ನಾವು ಹೇಳುವುದಿಷ್ಟೇ: ಮೊದಲು ನೀರು ನಿಲ್ಲಿಸಿರಿ, ಆಮೇಲೆ ಮರವನ್ನು ಮಣ್ಣಿನಿಂದ ಬಿಡಿಸಿರಿ, ಕಂಡ ಕೊಳವೆಯನ್ನು ಒಡೆದು ವಾರ ವಾರ ನೋಡುತ್ತಿರಿ. ಇಷ್ಟರಿಂದ ಆಗದಿದ್ದಾಗ ಮಾತ್ರ ವಿಷ. ಅದೂ ಅಳತೆಯಿಂದ, ಪಾಯದ ಹೊರಗಿನ ಮಣ್ಣಿಗೆ, ಪರವಾನಿಗೆಯುಳ್ಳವರ ಕೈಯಿಂದ.

ಇದಕ್ಕಾಗಿ ನಮ್ಮ ಬೇಡಿಕೆಗಳು ನಾಲ್ಕು. ಒಂದು, ಬಾಡಿಗೆ ಮನೆಯ ದುರಸ್ತಿಯ ಮತ್ತು ಗೆದ್ದಲಿನ ಚಿಕಿತ್ಸೆಯ ಪೂರ್ತಿ ಖರ್ಚು ಮಾಲಕನದಾಗಬೇಕು. ಎರಡು, ಈ ಕೆಲಸಕ್ಕೆ ಹಚ್ಚುವವರು ಕೈಚೀಲ, ಬೂಟು, ಸಾಬೂನು ಕೊಡಬೇಕು. ನಿಯಮದಂತೆ ತಿಂಗಳ ರಕ್ತಪರೀಕ್ಷೆ ಮಾಡಿಸಬೇಕು. ಮೂರು, ಚೀಟಿಯಿಲ್ಲದ ಬಾಟಲಿಯ ಮಾರಾಟ ನಿಲ್ಲಬೇಕು. ಕೀಟನಾಶಕದ ಇನ್ಸ್‌ಪೆಕ್ಟರರು ರೈತರ ಅಂಗಡಿಗಳನ್ನಷ್ಟೇ ಅಲ್ಲ, ಪೇಟೆಯ ಓಣಿಗಳನ್ನೂ ನೋಡಬೇಕು. ನಾಲ್ಕು, 1997ರಲ್ಲಿ ಹಾವೇರಿ ಜಿಲ್ಲೆಯಾದಂದಿನಿಂದ ಊರುಗಳು ಬೆಳೆಯುತ್ತಿವೆ, ಹೊಸ ಬಡಾವಣೆಗಳು ಏಳುತ್ತಿವೆ. ಪಾಯ ತೋಡುವಾಗಲೇ ಕ್ರಮಬದ್ಧ ಚಿಕಿತ್ಸೆಯಾಗಿದೆಯೆಂದು ನೋಡಿಕೊಂಡೇ ಕಟ್ಟಡದ ಪರವಾನಿಗೆ ಕೊಡಬೇಕು.

ಅಲ್ಲಿಯವರೆಗೆ ಕೂಲಿಕಾರ ಬಂಧುವೇ, ಒಂದು ಮಾತು ನೆನಪಿಡು. ಚೀಟಿಯಿಲ್ಲದ ಬಾಟಲಿಯನ್ನು ಮುಟ್ಟಬೇಡ. ಜೊತೆಗಾರನಿಗೆ ಜೊಲ್ಲು, ಬೆವರು, ನಡುಕ ಕಂಡರೆ ಬಟ್ಟೆ ಬಿಚ್ಚಿಸಿ ಸಾಬೂನಿನಿಂದ ಮೈ ತೊಳೆ. ಕೈಹಾಕಿ ವಾಂತಿ ಮಾಡಿಸಬೇಡ. ಡಬ್ಬಿಯ ಚೀಟಿಯ ಸಮೇತ ದವಾಖಾನೆಗೆ ಒಯ್ಯಿ. ಅಟ್ರೋಪಿನ್ ಎಂಬ ಮದ್ದು ಅಲ್ಲಿದೆ. ತಡಮಾಡಬೇಡ.

ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪಂಚಮಿಯ ದಿನ ಹುತ್ತಕ್ಕೆ ಹಾಲು ಎರೆದರೂ ಅದು ಹಾವಿನ ಹೆಸರಿಗೇ. ಕಟ್ಟಿದ ಹುಳುವಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಗವಂಡಿ ಮನೆ ಕಟ್ಟುತ್ತಾನೆ, ಗಿರಣಿಯವನು ಬಾಡಿಗೆ ತೆರುತ್ತಾನೆ, ಹಮಾಲ ವಿಷ ಸುರಿಯುತ್ತಾನೆ. ಮನೆ ಮಾತ್ರ ಇನ್ನೊಬ್ಬನದು. ಮನೆ ಅವನದಾಗಿರುವಾಗ ಅದರ ಗೆದ್ದಲೂ ಅವನದೇ, ಆ ಗೆದ್ದಲಿನ ಖರ್ಚೂ ಅವನದೇ. ನಮ್ಮ ಮೈ ಮಾತ್ರ ನಮ್ಮದು. ಅರ್ಧ ದಿನದ ಕೂಲಿಗೆ ಅದನ್ನು ಮಾರಲಾಗದು.