ಪದ ಕಲಿಸಿದವರ ಪಾಡು



ನಾನು ಕನ್ನಡ ಕಲಿಸುವ ಅಕ್ಕೋರು. ಕಾರವಾರ ತಾಲೂಕಿನ ಅರ್ಗಾದ ಆಸುಪಾಸಿನ ಒಂದು ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಹುಟ್ಟಿ ಬೆಳೆದದ್ದು ಕುಂದಗೋಳ ಸೀಮೆಯಲ್ಲಿ. ಗುರು ಗೋವಿಂದಭಟ್ಟರ ಕಳಸ ನಮ್ಮ ತಾಲೂಕಿನದೇ, ಶಿಶುನಾಳವೂ ದೂರವಲ್ಲ. ನಮ್ಮಮ್ಮ ರೊಟ್ಟಿ ಬಡಿಯುತ್ತ ಶರೀಫರ ಪದ ಹೇಳುತ್ತಿದ್ದಳು. ವಚನ ಮತ್ತು ತತ್ವಪದ ಬೇರೆ ಬೇರೆ ಎಂದು ನನಗೆ ಗೊತ್ತಾದದ್ದು ಕಾಲೇಜು ಸೇರಿದ ಮೇಲೆ.

ಅರ್ಗಾ ಎಂದರೆ ನೌಕಾನೆಲೆಯ ಊರು. 1986ರಲ್ಲಿ ರಾಜೀವ್ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲು ಇಟ್ಟದ್ದು ಇಲ್ಲಿಯೇ. ಕಾರವಾರ, ಅಂಕೋಲಾ ತಾಲೂಕುಗಳ ಹಲವು ಹಳ್ಳಿಗಳು ಆ ಯೋಜನೆಗೆ ಹೋದವು. ನನ್ನ ತರಗತಿಯ ಮಕ್ಕಳನ್ನು ನಿಮ್ಮ ಅಜ್ಜನ ಮನೆ ಎಲ್ಲಿತ್ತು ಎಂದು ಕೇಳಿದರೆ ಕೆಲವರು ಹೆದ್ದಾರಿ ಪಕ್ಕದ ಗೋಡೆಯ ಕಡೆ ಕೈ ತೋರಿಸುತ್ತಾರೆ. ಹರಿಕಂತ್ರರು, ಕೋಮಾರಪಂತರು, ಹಾಲಕ್ಕಿಗಳು, ಕ್ರಿಶ್ಚಿಯನ್ನರು, ಎಲ್ಲರ ಮಕ್ಕಳೂ ಇದ್ದಾರೆ. ಬಹಳ ಮಂದಿಗೆ ಮನೆಮಾತು ಕೊಂಕಣಿ. ಲಿಂಗಾಯತರ ಮಗು ಸಿಗುವುದು ಅಪರೂಪ. ಬ್ಯಾಂಕಿಗೋ ಕೈಗಾಕ್ಕೋ ವರ್ಗವಾಗಿ ಬಂದವರದ್ದು ಮಾತ್ರ.

ಕಳೆದ ವರ್ಷ ಒಂದು ಶನಿವಾರ ಒಂಬತ್ತನೆಯ ತರಗತಿಯವರಿಗೆ ‘ಸಂತ ಶಿಶುನಾಳ ಶರೀಫ’ ಸಿನಿಮಾ ತೋರಿಸಿದೆ. 1990ರದು, ಟಿ. ಎಸ್. ನಾಗಾಭರಣ ಅವರ ನಿರ್ದೇಶನ. ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ, ಸಂಗೀತ ಸಿ. ಅಶ್ವತ್ಥ್. ಕೋಡಗನನ್ನು ಕೋಳಿ ನುಂಗುವ ಪದ ಬಂದಾಗ ಮಕ್ಕಳು ಬೆಂಚು ಬಡಿದು ಹಾಡಿದರು. ಸೋಮವಾರ ಇಬ್ಬರು ಪಾಲಕರು ಬಂದರು. ಒಬ್ಬರಿಗೆ, ಸಾಬರ ಸಿನಿಮಾ ಶಾಲೆಯಲ್ಲಿ ಏಕೆ ಎಂಬ ಸಿಟ್ಟು. ಇನ್ನೊಬ್ಬರಿಗೆ, ಭಟ್ಟರು ಸಾಬರ ಹುಡುಗನಿಗೆ ಜನಿವಾರ ಹಾಕಿದ ಕಥೆಯನ್ನು ಮಕ್ಕಳಿಗೆ ಹೇಳುವುದೇಕೆ ಎಂಬ ಸಿಟ್ಟು. ಇಬ್ಬರ ಸಿಟ್ಟೂ ಒಂದೇ ಎಂದು ಇಬ್ಬರಿಗೂ ತಿಳಿದಿರಲಿಲ್ಲ. ಚಹಾ ಕೊಟ್ಟು ಕಳಿಸಿದೆ. ಅದು ದೊಡ್ಡ ಮಾತಲ್ಲ, ಈ ಲೇಖನ ಅದಕ್ಕಾಗಿ ಬರೆಯುತ್ತಿಲ್ಲ.

ಗೋವಿಂದಭಟ್ಟರ ಜಗಳವನ್ನು ಸ್ವಲ್ಪ ನೋಡಿ. ಮಗನನ್ನು ಕರೆತಂದ ಇಮಾಮ ಸಾಹೇಬರ ಎದುರಿಗೇ ಭಟ್ಟರು ಹುಡುಗನನ್ನು ನಿನ್ನ ಅಪ್ಪ ಯಾರು ಎಂದು ಕೇಳಿದರಂತೆ. ನಿಮ್ಮ ಅಪ್ಪ ಯಾರೋ ನನ್ನ ಅಪ್ಪನೂ ಅವನೇ ಎಂದು ಹುಡುಗ ಹೇಳಿದನಂತೆ. ನಮ್ಮ ಕಡೆ ಈ ಕಥೆ ಗೊತ್ತಿಲ್ಲದವರಿಲ್ಲ. ಯಾರವನು ಎಂದು ಕೇಳದೆ ನಮ್ಮವನು ಎನ್ನಬೇಕೆಂದು ಬಸವಣ್ಣನವರು ಕಲಿಸಿದ್ದು ಇದನ್ನೇ ಅಲ್ಲವೇ? ಆದರೆ ಆ ಉತ್ತರ ಮೆಚ್ಚಿದ ದಿನದಿಂದ ಭಟ್ಟರಿಗೆ ಊರಿನೊಡನೆ ಜಗಳ ಶುರುವಾಯಿತು. ಅವರನ್ನು ಕಾಡಿದವರು ಹೊರಗಿನವರಲ್ಲ, ಸ್ವಂತ ಅಗ್ರಹಾರದವರು. ಪದ್ಯ ಪುಸ್ತಕದಲ್ಲಿ ಇರುವತನಕ ಯಾರಿಗೂ ತೊಂದರೆಯಿಲ್ಲ. ನಾನು ವಚನಕ್ಕೆ ಭಾವಾರ್ಥ ಬರೆಸಿ, ನಾಲ್ಕು ಅಂಕದ ಪ್ರಶ್ನೆ ಕೇಳಿದರೆ ಊರೆಲ್ಲ ಒಳ್ಳೆಯ ಅಕ್ಕೋರು ಎನ್ನುತ್ತದೆ. ಅದೇ ಪದ್ಯ ಪುಸ್ತಕದಿಂದ ಇಳಿದು ನಿಮ್ಮ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೆ ಆಗ ನೋಡಬೇಕು.

ಇನ್ನೊಬ್ಬ ಮೇಷ್ಟ್ರು ನೆನಪಾಗುತ್ತಾರೆ. ‘ನಾಗರಹಾವು’ ಸಿನಿಮಾದ ಚಾಮಯ್ಯ ಮೇಷ್ಟ್ರು. 1972ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದದ್ದು, ಕೆ. ಎಸ್. ಅಶ್ವತ್ಥ್ ಆ ಪಾತ್ರ ಮಾಡಿದ್ದರು. ಕನ್ನಡಿಗರು ಇಂದಿಗೂ ಒಳ್ಳೆಯ ಗುರು ಎಂದರೆ ಅವರ ಹೆಸರು ಹೇಳುತ್ತಾರೆ. ನನಗೆ ಆ ಪಾತ್ರದ ಮೇಲೆ ಪ್ರೀತಿ ಇದೆ, ಸಿಟ್ಟೂ ಇದೆ. ಮಗನಿಗಿಂತ ಹೆಚ್ಚಾಗಿ ನೋಡಿಕೊಂಡ ರಾಮಾಚಾರಿ ಅಲಮೇಲುವನ್ನು ಮದುವೆಯಾಗುತ್ತೇನೆ ಎಂದಾಗ ಮೇಷ್ಟ್ರು ಅವನ ಪರವಾಗಿ ನಿಲ್ಲಲಿಲ್ಲ. ತ್ಯಾಗ ಮಾಡು ಎಂದರು. ಗುರುವಿನ ಮಾತಿಗೆ ಶಿಷ್ಯ ಬಾಗಿದ. ಆ ಹುಡುಗಿಯ ಬಾಳು ಏನಾಯಿತೆಂಬುದು ಸಿನಿಮಾ ನೋಡಿದವರಿಗೆ ಗೊತ್ತು. ಮುಂದೆ ಮಾರ್ಗರೆಟ್ಟಳ ವಿಷಯ ಬಂದಾಗಲೂ ಮೇಷ್ಟ್ರು ಅಡ್ಡ ನಿಂತರು. ಪ್ರೀತಿ ಇತ್ತು, ಧೈರ್ಯ ಇರಲಿಲ್ಲ. ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಹೌದು ಎಂದವರಿಗೆ ಎಳೆಹೂಟೆ ಶಿಕ್ಷೆ ಆಯಿತು. ಚಾಮಯ್ಯ ಮೇಷ್ಟ್ರಿಗೆ ಹೌದು ಎಂದಿದ್ದರೆ ಹೆಚ್ಚೆಂದರೆ ನಾಲ್ಕು ಜನ ಮಾತು ಬಿಡುತ್ತಿದ್ದರು. ನಮ್ಮೊಳಗಿನ ಬಹಳ ಮಂದಿ ಚಾಮಯ್ಯ ಮೇಷ್ಟ್ರುಗಳೇ. ವೇದಿಕೆಯಲ್ಲಿ ಹರಳಯ್ಯ ಮಧುವರಸರನ್ನು ಹಾಡಿ ಹೊಗಳುತ್ತೇವೆ. ಮನೆಗೆ ಬಂದು ಮಗಳ ಬಯೋಡೇಟಾದಲ್ಲಿ ಒಳಪಂಗಡ ಬರೆಯುತ್ತೇವೆ.

ಶರೀಫರ ಸಿನಿಮಾಕ್ಕೆ ರಾಷ್ಟ್ರೀಯ ಭಾವೈಕ್ಯದ ಚಿತ್ರವೆಂದು ನರ್ಗಿಸ್ ದತ್ ಪ್ರಶಸ್ತಿ ಬಂತು. ಬರಬೇಕಾದದ್ದೇ. ಆದರೆ ಅದರಿಂದ ನಮಗೊಂದು ಅನುಕೂಲವೂ ಆಯಿತು. ಇದು ಬ್ರಾಹ್ಮಣರ ಮತ್ತು ಮುಸಲ್ಮಾನರ ನಡುವಿನ ಕಥೆ, ನಮಗೇನು ಸಂಬಂಧವಿಲ್ಲ ಎಂದು ಲಿಂಗಾಯತರು ಆರಾಮಾಗಿ ಕುಳಿತು ನೋಡುತ್ತೇವೆ. ನಮ್ಮ ಕಡೆಯ ಹಿರಿಯರು ಹೇಳುವ ಕಥೆಯ ಕೊನೆಯ ಭಾಗದಲ್ಲಿ ನಾವೂ ಇದ್ದೇವೆ. 1889ರಲ್ಲಿ ಶರೀಫರು ದೇಹ ಬಿಡುವ ಹೊತ್ತಿಗೆ, ಶರಣರ ಪದ್ಧತಿಯಂತೆ ಜಂಗಮರ ಪಾದ ತಲೆಯ ಮೇಲೆ ಇಡಿಸಿಕೊಳ್ಳಬೇಕೆಂದು ಬಯಸಿದರಂತೆ. ಕರೆಸಿದ ಜಂಗಮರು ಮೊದಲು ಹಿಂದೆಮುಂದೆ ನೋಡಿದರಂತೆ, ಆಮೇಲೆ ಒಪ್ಪಿದರಂತೆ. ನಾವು ಭಾಷಣದಲ್ಲಿ ಒಪ್ಪಿದ್ದನ್ನಷ್ಟೇ ಹೇಳುತ್ತೇವೆ. ನನಗೆ ಕಾಡುವುದು ಆ ಹಿಂದೆಮುಂದೆ ನೋಡಿದ ಗಳಿಗೆ.

ಕಾರವಾರದಲ್ಲಿರುವ ನಾಲ್ಕಾರು ಮನೆಯವರು ಸೇರಿ ತಿಂಗಳಿಗೊಮ್ಮೆ ಅನುಭಾವ ಗೋಷ್ಠಿ ಮಾಡುತ್ತೇವೆ. ಅಲ್ಲಿ ಈ ಸಿನಿಮಾದ ಬಗ್ಗೆ ಮಾತಾಡಿದೆ. ಮುಗಿದ ಮೇಲೆ ಹಿರಿಯರೊಬ್ಬರು, ‘ಎಲ್ಲಾ ಛಲೋ ಹೇಳಿದ್ರಿ ಅಕ್ಕಾರ, ಆದ್ರ ಶರೀಫರಿಗೆ ಲಿಂಗ ಇತ್ತೇನ್ರಿ?’ ಎಂದರು. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಕೇಳಬೇಕಾದದ್ದು ಇನ್ನೊಂದಿತ್ತು: ಆ ಮನುಷ್ಯ ಕೇಳಿದ್ದರೆ ನಾವು ಕೊಡುತ್ತಿದ್ದೆವೇ?

ಏಕೆಂದರೆ ಒಬ್ಬ ಹುಡುಗ ನನ್ನನ್ನು ಕೇಳಿದ್ದಾನೆ.

ಹರಿಕಂತ್ರರ ಹುಡುಗ. ಅಪ್ಪ ದೋಣಿಗೆ ಹೋಗುತ್ತಾನೆ, ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಾಳೆ. ವಚನ ಕಂಠಪಾಠದಲ್ಲಿ ಅವನಷ್ಟು ಚೆಂದ ಹೇಳುವವರು ಶಾಲೆಯಲ್ಲಿ ಇರಲಿಲ್ಲ. ಎಲ್ಲರೂ ಬಸವಣ್ಣ, ಅಕ್ಕ ಎಂದರೆ ಇವನು ಅಂಬಿಗರ ಚೌಡಯ್ಯನವರನ್ನೇ ಆರಿಸಿಕೊಳ್ಳುತ್ತಿದ್ದ. ಏಕೆಂದರೆ, ‘ಅವರು ನಮ್ಮ ಪೈಕಿ ಅಲ್ದಾ ಅಕ್ಕೋರೆ, ದೋಣಿಯವರು.’ ಸಿನಿಮಾ ನೋಡಿದ ಮರುವಾರ ಮಧ್ಯಾಹ್ನದ ಊಟ ಮುಗಿಸಿ ಬಂದು, ‘ಶರೀಫಜ್ಜನಿಗೆ ಭಟ್ಟರು ಜನಿವಾರ ಕೊಟ್ರು. ನಿಮ್ಮ ಕೊರಳಲ್ಲಿ ಇದೆಯಲ್ಲ, ಅದನ್ನ ನಂಗೆ ಯಾರಾದ್ರೂ ಕೊಡ್ತಾರಾ?’ ಎಂದ. ಕೇಳಿ ಹೇಳುತ್ತೇನೆ ಎಂದೆ.

ರಜೆಗೆ ಊರಿಗೆ ಹೋದಾಗ ನಮ್ಮ ಸೀಮೆಯ ಒಂದು ಮಠಕ್ಕೆ ಹೋಗಿ ಕೇಳಿದೆ. ಅಲ್ಲಿನವರು ಮೊದಲು ಕೇಳಿದ ಪ್ರಶ್ನೆ, ‘ಯಾವ ಪೈಕಿ?’ ಹೇಳಿದೆ. ‘ನೋಡೋಣ ತಾಯಿ, ಮಂದಿ ಏನಂತಾರೋ’ ಎಂದರು. ಪ್ರಸಾದ ಮಾತ್ರ ಪ್ರೀತಿಯಿಂದ ಬಡಿಸಿದರು. ಅವರು ಕೆಟ್ಟವರಲ್ಲ. ಚಾಮಯ್ಯ ಮೇಷ್ಟ್ರೂ ಕೆಟ್ಟವರಾಗಿರಲಿಲ್ಲ.

ನಮ್ಮ ಮಠಗಳು ಅನ್ನಕ್ಕೆ ಅಕ್ಷರಕ್ಕೆ ಜಾತಿ ಕೇಳದ ದೊಡ್ಡ ಪರಂಪರೆ ಕಟ್ಟಿವೆ. ಸಿದ್ಧಗಂಗೆಯಲ್ಲಿ ಉಂಡು ಓದಿದ ಎಲ್ಲ ಜಾತಿಯ ಮಕ್ಕಳು ಅದಕ್ಕೆ ಸಾಕ್ಷಿ. 2020ರಲ್ಲಿ ಗದಗ ಜಿಲ್ಲೆಯ ಅಸೂಟಿಯ ಮಠಕ್ಕೆ ಮುಸ್ಲಿಂ ಕುಟುಂಬದ ಯುವಕನನ್ನು ಪಟ್ಟಕ್ಕೆ ಕೂಡಿಸಿದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ನನಗೆ ಹೆಮ್ಮೆಯಾಯಿತು, ಜೊತೆಗೆ ಸಂಕಟವೂ ಆಯಿತು. ಎಂಟುನೂರು ವರ್ಷದ ಹಿಂದೆ ರೂಢಿಯಾಗಬೇಕಾದದ್ದು ಇಂದು ಸುದ್ದಿಯಾಗುತ್ತದೆ. ಅನ್ನದ ಬಾಗಿಲು ಇಷ್ಟು ಅಗಲವಿರುವಾಗ ಲಿಂಗದ ಬಾಗಿಲು ಏಕೆ ಕಿರಿದು? ಪ್ರತ್ಯೇಕ ಧರ್ಮದ ಮಾನ್ಯತೆ ಬೇಕೆಂದು ಬೀದಿಗಿಳಿದವರಲ್ಲಿ ನಾನೂ ಒಬ್ಬಳು. ಹುಟ್ಟಿನಿಂದ ಬಂದವರಿಗೆ ಮಾತ್ರ ತೆರೆಯುವ ಬಾಗಿಲಿದ್ದರೆ ಅದನ್ನು ಧರ್ಮ ಎನ್ನುವುದೋ ಜಾತಿ ಎನ್ನುವುದೋ? ಈ ಪತ್ರಿಕೆ ಹೋಗುವ ಮಠಗಳ ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ: ಲಿಂಗದೀಕ್ಷೆ ಬೇಡಿ ಬಂದವರ ಕುಲ ಕೇಳುವುದಿಲ್ಲ ಎಂದು ಮಠದ ಬಾಗಿಲಲ್ಲಿ ಒಂದು ಫಲಕ ಬರೆಸಿ ಹಾಕಿರಿ. ಜಾತ್ರೆಯ ಫ್ಲೆಕ್ಸಿಗಿಂತ ಅಗ್ಗದಲ್ಲಿ ಆಗುತ್ತದೆ.

ಹುಡುಗನ ತಾಯಿಯನ್ನು ಹೋದ ತಿಂಗಳು ಭೇಟಿಯಾದೆ. ಮಗನ ಆಸೆ ಅವಳಿಗೂ ಗೊತ್ತಿತ್ತು. ಬೇಡ ಎನ್ನಲಿಲ್ಲ. ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ‘ಅಂವ ಮೀನು ಬಿಡ್ಬೇಕಾ ಅಕ್ಕೋರೆ? ಬಿಟ್ರೆ ಅಂವ ನಮ್ಮ ಒಟ್ಟಿಗೆ ಉಣ್ತ್ನಾ?’ ಎಂದು ಕೇಳಿದಳು. ಅವಳಿಗೆ ಮಗ ಪಂಕ್ತಿ ಬಿಟ್ಟು ಹೋಗುತ್ತಾನೆಂಬ ಭಯ. ನಮ್ಮವರಿಗೆ ಅವನು ಪಂಕ್ತಿಗೆ ಬರುತ್ತಾನೆಂಬ ಭಯ. ಅಂಬಿಗರ ಚೌಡಯ್ಯನವರು ದೋಣಿ ಬಿಡದೆಯೇ ಶರಣರಾಗಿದ್ದರು ಎಂದು ಹೇಳಿದೆ. ಮೀನಿನ ಮಾತಿಗೆ ಏನು ಹೇಳಲಿ? ಆಚಾರದ ವಿಷಯ, ಬಲ್ಲವರು ತಿಳಿಸಬೇಕು. ಆದರೆ ಆ ಮಾತು ದೀಕ್ಷೆ ಕೊಡುವಾಗ ಎದುರು ಕೂರಿಸಿಕೊಂಡು ಆಡಬೇಕಾದದ್ದು, ಬಾಗಿಲಲ್ಲೇ ತಡೆಯಲು ಬಳಸಬೇಕಾದದ್ದಲ್ಲ. ಬರುವ ಬೇಸಿಗೆ ರಜೆಯಲ್ಲಿ ತಾಯಿ ಮಗ ಇಬ್ಬರನ್ನೂ ಊರಿಗೆ ಕರೆದುಕೊಂಡು ಹೋಗುತ್ತೇನೆ. ಶಿಶುನಾಳದ ಗದ್ದುಗೆಗೆ ಮೊದಲು, ಅಲ್ಲಿಂದ ಮಠಕ್ಕೆ. ಯಾವ ಪೂಜ್ಯರು ಬರಹೇಳಿದರೂ ಅಲ್ಲಿಗೆ ಬರುತ್ತೇವೆ.