ಚೀಲ ತುಂಬ ಡಿಸ್ಕ್, ಎಸೆದರೆಲ್ಲ ಎಡಕ್ಕೆ!

ಡಿಸ್ಕ್ ಗಾಲ್ಫ್ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಒಂದು ಹೈದರಾಬಾದಿನದು. ಬರೆದವರು 63 ದಾಟಿದ ನಿವೃತ್ತ ಬ್ಯಾಂಕ್ ಅಧಿಕಾರಿ. ವರ್ಷಕ್ಕೊಮ್ಮೆ ಮಗಳ ಮನೆಗೆಂದು ಅಮೆರಿಕದ ಷಾರ್ಲಟ್ ನಗರಕ್ಕೆ ಹೋಗಿ ಮೂರ್ನಾಲ್ಕು ತಿಂಗಳು ಇದ್ದು ಬರುತ್ತಾರೆ. ಅಲ್ಲಿನ ಪಾರ್ಕುಗಳಲ್ಲಿ ಸರಪಳಿ ಬುಟ್ಟಿಗಳಿಗೆ ಬರವಿಲ್ಲ. ಅಳಿಯ ತನ್ನ ಹಳೆಯ ಚೀಲವನ್ನೇ ಕೊಟ್ಟಿದ್ದಾನೆ. ಅದರಲ್ಲಿ ಫೇರ್‌ವೇ ಡ್ರೈವರುಗಳೇ ಆರು. ಯಾವುದನ್ನು ಎಸೆದರೂ ಸ್ವಲ್ಪ ದೂರ ಹೋಗಿ ಎಡಕ್ಕೆ ಕುಸಿಯುತ್ತದಂತೆ. ಇದು ತಮ್ಮ ವಯಸ್ಸಿಗೆ ಹೇಳಿದ ಆಟವಲ್ಲ, ಈ ಸಲ ಬಿಟ್ಟುಬಿಡುವುದೇ ಲೇಸು ಎಂದು ಬರೆದಿದ್ದಾರೆ. ಆಡಲು ಆಡಿಕೊಂಡು, ಊರಿಲ್ಲದ ಊರಿನಲ್ಲಿ ನಾಲ್ಕು ಜನರ ಪರಿಚಯ ಮಾಡಿಕೊಂಡವರು ಅವರು. ಬಿಟ್ಟರೆ ಮತ್ತೆ ಸೋಫಾ, ಟೀವಿ.

ಪುಣ್ಯಕ್ಕೆ ಆರೂ ಡಿಸ್ಕುಗಳ ಹೆಸರು ಬರೆದು ಕಳಿಸಿದ್ದಾರೆ. ಎರಡು ಫೈರ್‌ಬರ್ಡ್, ಎರಡು ಥಂಡರ್‌ಬರ್ಡ್, ಒಂದು ಟೀಬರ್ಡ್, ಒಂದು ಈಗಲ್. ಎಲ್ಲವೂ ಇನ್ನೋವಾ ಕಂಪನಿಯವು, ಎಲ್ಲವೂ ಒಳ್ಳೆಯ ಡಿಸ್ಕುಗಳೇ. ಆದರೆ ಪಟ್ಟಿ ನೋಡಿದ ಕೂಡಲೇ ತೊಂದರೆ ಕೈಯದಲ್ಲ, ಚೀಲದ್ದು ಎಂದು ತಿಳಿಯುತ್ತದೆ. ಆರಕ್ಕೆ ಆರೂ ಕೊನೆಯಲ್ಲಿ ಎಡಕ್ಕೆ ತಿರುಗುವಂಥವೇ.

ಡಿಸ್ಕಿನ ಮೇಲೋ ಅಂಗಡಿಯ ಪಟ್ಟಿಯಲ್ಲೋ ನಾಲ್ಕು ಅಂಕಿಗಳಿರುತ್ತವೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಸ್ಪೀಡ್ ಎಂದರೆ ಡಿಸ್ಕ್ ಎಷ್ಟು ಜೋರಾಗಿ ಹೋಗುತ್ತದೆ ಎಂದಲ್ಲ, ಅದು ಹೇಳಿದ ಹಾಗೆ ಹಾರಬೇಕಾದರೆ ನೀವು ಎಷ್ಟು ಜೋರಾಗಿ ಎಸೆಯಬೇಕು ಎಂದು. ಇದೊಂದನ್ನು ಅರ್ಥ ಮಾಡಿಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ. ಫೇರ್‌ವೇ ಡ್ರೈವರುಗಳು ಸುಮಾರು 6ರಿಂದ 9ರ ಸ್ಪೀಡಿನವು. ಗ್ಲೈಡ್ ಗಾಳಿಯಲ್ಲಿ ತೇಲುವ ಗುಣ. ಟರ್ನ್ ಎಂದರೆ ವೇಗ ಇರುವಾಗ ಬಲಕ್ಕೆ ವಾಲುವುದು. ಮೈನಸ್ ಹೆಚ್ಚಿದಷ್ಟೂ ವಾಲುವಿಕೆ ಹೆಚ್ಚು. ಫೇಡ್ ಎಂದರೆ ವೇಗ ಇಳಿದ ಮೇಲೆ ಎಡಕ್ಕೆ ಬಾಗುವುದು. ಇದು ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ ಎಸೆಯುವವರ ಲೆಕ್ಕ. ಎಡಗೈಯವರು ಎಡ ಬಲ ಅದಲು ಬದಲು ಮಾಡಿ ಓದಿಕೊಳ್ಳಿ.

ಈಗ ಫೈರ್‌ಬರ್ಡ್ ನೋಡಿ: 9, 3, 0, 4. ತೇಲುವುದು ಕಡಿಮೆ, ಬಲಕ್ಕೆ ವಾಲುವುದೇ ಇಲ್ಲ, ಕೊನೆಗೆ ಗಟ್ಟಿಯಾಗಿ ಎಡಕ್ಕೆ. ಎಸೆತದಲ್ಲಿ ಬೇಕಾದಷ್ಟು ವೇಗ ಇಲ್ಲದಿದ್ದರೆ ಆ ಫೇಡ್ ಮೊದಲೇ ಶುರುವಾಗುತ್ತದೆ. ಥಂಡರ್‌ಬರ್ಡ್ 9, 5, 0, 2. ಟೀಬರ್ಡ್ 7, 5, 0, 2. ಸ್ಪೀಡ್ ಬಿಟ್ಟರೆ ಮಿಕ್ಕ ಮೂರೂ ಅಂಕಿ ಒಂದೇ! ತೋಳಿನಲ್ಲಿ ಬಲವಿರುವ ಅಳಿಯನಿಗೆ ಇವೆರಡರ ನಡುವೆ ದೂರದ ವ್ಯತ್ಯಾಸ ಕಾಣುತ್ತದೆ. ಮಾವನಿಗೆ ಎರಡೂ ಒಂದೇ ಗುಡ್ಡೆಯಲ್ಲಿ ಬೀಳುತ್ತವೆ. ಚೀಲದ ಭಾರ ಮಾತ್ರ ಜಾಸ್ತಿ.

ಪ್ರಸನ್ನ ಮತ್ತು ಚಂದ್ರಶೇಖರ್ ಒಂದೇ ತಂಡದಲ್ಲಿ ಬೌಲ್ ಮಾಡುತ್ತಿದ್ದುದು ನೆನಪಿದೆಯಲ್ಲ? ಒಬ್ಬರು ಚೆಂಡನ್ನು ತೇಲಿಬಿಟ್ಟು ಆಸೆ ಹುಟ್ಟಿಸುವ ಆಫ್ ಸ್ಪಿನ್ನರ್, ಇನ್ನೊಬ್ಬರು ಸರ್ರನೆ ನುಗ್ಗಿಸುವ ಲೆಗ್ ಸ್ಪಿನ್ನರ್. ಇಬ್ಬರು ಪ್ರಸನ್ನ ಇದ್ದಿದ್ದರೆ ಅಷ್ಟು ಕಳೆ ಬರುತ್ತಿರಲಿಲ್ಲ. ಚೀಲದ ಲೆಕ್ಕವೂ ಅದೇ. ಮೂರು ಕೆಲಸಗಳಿವೆ: ನೇರ ಹೋಗಿ ಕೊನೆಗೆ ಸ್ವಲ್ಪವೇ ಎಡಕ್ಕೆ ಬೀಳುವುದು, ಬಲಕ್ಕೆ ವಾಲಿ ತೇಲಿಕೊಂಡು ಹೋಗುವುದು, ಏನೇ ಆದರೂ ಎಡಕ್ಕೇ ಬಂದು ಸೇರುವುದು. ಕೆಲಸಕ್ಕೊಂದು ಡಿಸ್ಕ್ ಸಾಕು.

ಮೊದಲನೆಯದಕ್ಕೆ ಟೀಬರ್ಡ್ ಇದ್ದೇ ಇದೆ. ಮೂರನೆಯದಕ್ಕೆ ಒಂದು ಫೈರ್‌ಬರ್ಡ್ ಇಟ್ಟುಕೊಂಡರಾಯಿತು. ಮರ ಸುತ್ತಿ ಎಡಕ್ಕೆ ಬಾಗುವ ದಾರಿಗೂ ಎದುರುಗಾಳಿಗೂ ಅದು ಬೇಕು. ಇಲ್ಲದಿರುವುದು ಎರಡನೆಯದು, ಮತ್ತು ನಿಧಾನ ತೋಳಿನವರಿಗೆ ಅದೇ ಮುಖ್ಯ. ನಾನು ಸೂಚಿಸುವುದು ಲೆಪರ್ಡ್: 6, 5, ಮೈನಸ್ 2, 1. ಇದಕ್ಕೆ ಅಷ್ಟು ವೇಗ ಬೇಡ. ಮೈನಸ್ 2ರ ಆ ಬಲವಾಲು ನಮ್ಮಂಥವರ ಎಸೆತದಲ್ಲಿ ಬಹುಮಟ್ಟಿಗೆ ನೇರವಾಗಿಯೇ ಕಾಣುತ್ತದೆ. ತೂಕ 165 ಗ್ರಾಂ ಒಳಗಿನದು ಸಿಕ್ಕರೆ ಇನ್ನೂ ಒಳ್ಳೆಯದು. ಅಂಗಡಿಯವರು ಇದೇ ಕೆಲಸಕ್ಕೆ ರೋಡ್‌ರನ್ನರ್ ತೋರಿಸಬಹುದು. ಅದರ ಟರ್ನ್ ಮೈನಸ್ 4 ನಿಜ, ಆದರೆ ಸ್ಪೀಡ್ 9. ಲೆಪರ್ಡ್ ಕೈಗೆ ಕುದುರಿದ ಮೇಲೆ ಅದನ್ನು ನೋಡೋಣ.

ಇನ್ನೊಂದು ದಾರಿಯೂ ಇದೆ. ನನಗೆ ಮನಸ್ಸಿನಲ್ಲಿ ಹೆಚ್ಚು ಇಷ್ಟ ಅದೇ. ಒಂದೇ ಮಾದರಿಯ ಮೂರು ಡಿಸ್ಕು, ಬೇರೆ ಬೇರೆ ವಯಸ್ಸಿನವು. ಮರಕ್ಕೆ ಬಡಿದು, ನೆಲಕ್ಕೆ ಉಜ್ಜಿ ಅಂಚು ಸವೆದಂತೆ ಡಿಸ್ಕ್ ಬಲಕ್ಕೆ ವಾಲುವ ಗುಣ ಬೆಳೆಸಿಕೊಳ್ಳುತ್ತದೆ. ಹೊಸ ಟೀಬರ್ಡ್ ಎಡಕ್ಕೆ ಬಿದ್ದರೆ, ಎರಡು ವರ್ಷ ಏಟು ತಿಂದದ್ದು ನೇರ ಹೋಗುತ್ತದೆ, ಇನ್ನೂ ಹಳೆಯದು ಬಲಕ್ಕೆ ಓಲಾಡುತ್ತದೆ. ಹಿಡಿತ ಮಾತ್ರ ಮೂರಕ್ಕೂ ಒಂದೇ, ಬೆರಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಇದಕ್ಕೆ ಡಿಎಕ್ಸ್ ಎಂಬ ಅಗ್ಗದ ಪ್ಲಾಸ್ಟಿಕ್ಕೇ ಸರಿ, ಬೇಗ ಪಳಗುತ್ತದೆ. ಚಾಂಪಿಯನ್ ಪ್ಲಾಸ್ಟಿಕ್ ಗಟ್ಟಿ, ಅದು ಪಳಗಲು ವರ್ಷಗಳೇ ಬೇಕು. ದೋಸೆ ಕಾವಲಿಯನ್ನು ಪಳಗಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪಳಗಿದ್ದನ್ನು ಯಾರೂ ಮಾರುವುದಿಲ್ಲ.

ಅಂದಹಾಗೆ, ಈ ಅಂಚಿನದೇ ಒಂದು ಕಥೆ. ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದಾಗ ಜನ ಎಸೆಯುತ್ತಿದ್ದುದು ಮಾಮೂಲಿ ಫ್ರಿಸ್ಬಿಯನ್ನೇ. ಅಂಚನ್ನು ಇಳಿಜಾರಾಗಿ ಚೂಪು ಮಾಡಿದ ಡಿಸ್ಕ್ ಬಂದದ್ದು 1983ರಲ್ಲಿ, ಡೇವ್ ಡ್ಯೂನಿಪೇಸ್ ಅವರ ಕೈಯಿಂದ. ಡ್ರೈವರ್ ಎಂಬ ಜಾತಿ ಹುಟ್ಟಿದ್ದೇ ಅಲ್ಲಿಂದ. ಆ ಚೂಪಿನಿಂದಾಗಿಯೇ ಇದು ಮಕ್ಕಳ ಆಟಿಕೆಯಂತಲ್ಲ, ತಗುಲಿದರೆ ಪೆಟ್ಟಾಗುತ್ತದೆ. ಮುಂದೆ ಜನ ಇದ್ದರೆ ಎಸೆಯಬೇಡಿ.

ಹೊಸದನ್ನು ಕೊಳ್ಳುವ ಮೊದಲು ಒಂದು ಬೆಳಗ್ಗೆ ಗಾಳಿಯಿಲ್ಲದ ಹೊತ್ತಿನಲ್ಲಿ ಬಯಲಿಗೆ ಹೋಗಿ. ಒಂದೇ ಜಾಗದಲ್ಲಿ ನಿಂತು, ಒಂದೇ ಗುರಿಯಿಟ್ಟು, ಪ್ರತಿ ಡಿಸ್ಕನ್ನೂ ಐದೈದು ಸಲ ಎಸೆಯಿರಿ. ಬಲ ಹಾಕಿ ಎಸೆಯಬೇಡಿ, ಎಂದಿನಂತೆ ಎಸೆಯಿರಿ. ದೂರ ಅಳೆಯುವ ಗೊಡವೆಯೂ ಬೇಡ. ಎಡ ಬಲ ಎಲ್ಲೆಲ್ಲಿ ಬಿದ್ದಿವೆ ಅಷ್ಟೇ ನೋಡಿ. ಎರಡು ಡಿಸ್ಕುಗಳು ಸುಮಾರು ಒಂದೇ ಕಡೆ ಬಿದ್ದಿದ್ದರೆ ಒಂದನ್ನು ಮನೆಯಲ್ಲಿ ಬಿಡಿ. ಎಲ್ಲಿ ಏನೂ ಬಿದ್ದಿಲ್ಲವೋ ಕೊಳ್ಳಬೇಕಾದದ್ದು ಅಲ್ಲಿಗೆ. ಅಮೆರಿಕದ ಅಂಗಡಿಗಳಲ್ಲಿ ಬಳಸಿದ ಡಿಸ್ಕುಗಳನ್ನೂ ಮಾರುತ್ತಾರೆ. ಸವೆದ ಲೆಪರ್ಡ್ ಒಂದು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಗಾಳಿ ಎದ್ದ ದಿನ ಲೆಕ್ಕ ಬದಲಾಗುತ್ತದೆ. ಎದುರುಗಾಳಿಯಲ್ಲಿ ಪ್ರತಿಯೊಂದು ಡಿಸ್ಕೂ ಬಲಕ್ಕೆ ಹೆಚ್ಚು ವಾಲುತ್ತದೆ. ಲೆಪರ್ಡ್ ಮಗುಚಿ ಬೀಳಬಹುದು, ಅಲ್ಲಿ ಟೀಬರ್ಡ್ ಅಥವಾ ಫೈರ್‌ಬರ್ಡ್ ತೆಗೆಯಿರಿ. ಹಿಂದಿನಿಂದ ಬೀಸಿದರೆ ತೇಲುವ ಗುಣ ಕುಗ್ಗಿ ಬೇಗ ಎಡಕ್ಕೆ ಇಳಿಯುತ್ತದೆ, ಆಗ ಲೆಪರ್ಡೇ ಸರಿ. ಎಡಬದಿಯಲ್ಲಿ ಕೆರೆಯಿದ್ದರಂತೂ ಫೈರ್‌ಬರ್ಡಿನ ಮೇಲೆ ಕೈಯನ್ನೇ ಇಡಬೇಡಿ.